ಭಯಕ್ಕೆ ತೀರಿಸಿದ ಬಾಕಿ

ಅಮೆರಿಕ ಸರ್ಕಾರದ ಸ್ಟ್ಯಾಂಡರ್ಡ್ ಫಾರ್ಮ್ 86 ತುಂಬುತ್ತಾ 26ನೇ ಭಾಗಕ್ಕೆ ಬಂದ ಕೂಡಲೇ ಜನ ನನಗೆ ಫೋನ್ ಮಾಡುತ್ತಾರೆ. ಹುಟ್ಟಿದ ಊರು, ಇದ್ದ ಮನೆಗಳು, ಓದಿದ ಕಾಲೇಜು, ಭಾರತದಲ್ಲಿರುವ ಅಣ್ಣತಮ್ಮಂದಿರ ಹೆಸರು, ಇದನ್ನೆಲ್ಲ ಅವರೇ ಬರೆದಿರುತ್ತಾರೆ. 26ನೇ ಭಾಗ ಹಣಕಾಸಿನದು. ಕಳೆದ ಏಳು ವರ್ಷಗಳಲ್ಲಿ ದಿವಾಳಿ ಅರ್ಜಿ ಹಾಕಿದ್ದುಂಟೇ? ಯಾವುದೇ ವರ್ಷದ ತೆರಿಗೆ ರಿಟರ್ನ್ ಸಲ್ಲಿಸದೆ, ತೆರಿಗೆ ಕಟ್ಟದೆ ಬಿಟ್ಟಿದ್ದುಂಟೇ? ಯಾವುದಾದರೂ ಸಾಲ 120 ದಿನ ಮೀರಿ ಸುಸ್ತಿಯಾಗಿದೆಯೇ? ಜೂಜಿನಿಂದ ಹಣದ ತಾಪತ್ರಯ ಬಂದದ್ದುಂಟೇ? ಹೌದು ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಹೌದಾದರೆ ಯಾಕೆ, ಯಾವಾಗ, ಈಗ ಏನಾಗಿದೆ ಎಂದು ವಿವರ ಕೊಡಬೇಕು.

ನಾನು ಮೇರಿಲ್ಯಾಂಡಿನಲ್ಲಿ ಜನರ ತೆರಿಗೆ ಲೆಕ್ಕ ನೋಡಿಕೊಡುವವಳು, ಇಲ್ಲಿಯವರ ಮಾತಿನಲ್ಲಿ ಎನ್‌ರೋಲ್ಡ್ ಏಜೆಂಟ್. ಹುಟ್ಟಿ ಬೆಳೆದದ್ದು ಸಾಗರದಲ್ಲಿ. ಈಗಿರುವ ಮನೆಗೆ ಸಮೀಪದಲ್ಲೇ ಫೋರ್ಟ್ ಮೀಡ್ ಇದೆ. ಎನ್‌ಎಸ್‌ಎ ಎಂಬ ಗುಪ್ತಚರ ಸಂಸ್ಥೆಯ ಕೇಂದ್ರ ಅದು. ಸುತ್ತಲಿನ ಕೊಲಂಬಿಯಾ, ಲಾರೆಲ್, ಓಡೆನ್‌ಟನ್ ಊರುಗಳಲ್ಲಿ ಆ ಸಂಸ್ಥೆಯನ್ನೋ ಅದರ ಗುತ್ತಿಗೆ ಕಂಪನಿಗಳನ್ನೋ ನೆಚ್ಚಿಕೊಂಡ ಮನೆಗಳು ಬಹಳ. ಅವುಗಳಲ್ಲಿ ನಮ್ಮ ಕನ್ನಡದ ಮನೆಗಳೂ ಇವೆ: ಓದಲು ಬಂದು, ಕೆಲಸ ಹಿಡಿದು, ಪೌರತ್ವ ಪಡೆದವರು, ಅವರ ಮಕ್ಕಳು. ಅವರ ಸಂಬಳ ನಿಂತಿರುವುದು ಸರ್ಕಾರದ ಗುಟ್ಟುಗಳನ್ನು ನೋಡಲು ಕೊಡುವ ಸೆಕ್ಯುರಿಟಿ ಕ್ಲಿಯರೆನ್ಸ್ ಎಂಬ ಒಂದು ಒಪ್ಪಿಗೆಯ ಮೇಲೆ. ಫಾರ್ಮ್ 86 ತುಂಬುವುದು ಅದಕ್ಕಾಗಿಯೇ. ಅದು ಹೋದರೆ ಕೆಲಸವೂ ಹೋಯಿತು.

ಈ ಒಪ್ಪಿಗೆಯನ್ನು ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂದು ತೂಗುವ ಈಗಿನ ನಿಯಮಗಳು 2017ರ ಜೂನ್ 8ರಂದು ಜಾರಿಗೆ ಬಂದವು. ಅವು ಎ ಯಿಂದ ಎಂ ವರೆಗೆ ಹದಿಮೂರು. ನಿಷ್ಠೆ, ವಿದೇಶಿ ಸಂಬಂಧ, ಕುಡಿತ, ಮಾದಕವಸ್ತು, ಹೀಗೆ ಒಂದೊಂದಕ್ಕೂ ಒಂದೊಂದು ಅಕ್ಷರ. ಹಣಕಾಸಿನದು ಎಫ್. ಡೋಹಾ ಎಂದು ಎಲ್ಲರೂ ಕರೆಯುವ ರಕ್ಷಣಾ ಇಲಾಖೆಯ ವಿಚಾರಣಾ ಕಚೇರಿಯು ಅರ್ಜಿದಾರರ ಹೆಸರು ಅಳಿಸಿ ತನ್ನ ತೀರ್ಪುಗಳನ್ನು ಪ್ರಕಟಿಸುತ್ತದೆ. ರಾತ್ರಿ ಊಟವಾದ ಮೇಲೆ ಅವುಗಳನ್ನು ಓದುವ ಅಭ್ಯಾಸ ನನಗಿದೆ. ಮತ್ತೆ ಮತ್ತೆ ಎದುರಾಗುವುದು ಎಫ್ ಒಂದೇ. ಬೇಹುಗಾರರಾಗಲಿ ಕ್ರಾಂತಿಕಾರಿಗಳಾಗಲಿ ಆ ಪುಟಗಳಲ್ಲಿ ಸಿಗುವುದು ಅಪರೂಪ. ಕ್ರೆಡಿಟ್ ಕಾರ್ಡ್ ಬಾಕಿ, ಆಸ್ಪತ್ರೆ ಬಿಲ್ಲು, ವಿಚ್ಛೇದನದ ಮೇಲೆ ಬಿದ್ದ ಮನೆಸಾಲ, ಸಲ್ಲಿಸದೆ ಉಳಿದ ರಿಟರ್ನ್, ಇವೇ ಕಥೆಗಳು.

ಸಾಲಗಾರನನ್ನು ನಂಬಬಹುದೇ ಎಂಬ ಪ್ರಶ್ನೆ ನನಗೆ ಕಚೇರಿಯ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ. ನಂಬಿಕೆ ಎಂದರೇನು, ಋಣ ಎಂದರೇನು ಎಂದು ನಮ್ಮ ಹಿರಿಯರು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದಾರೆ. ಅವರನ್ನೂ ಈ ಫಾರ್ಮನ್ನೂ ಎದುರುಬದುರು ಕೂರಿಸಿ ಕೇಳಬೇಕೆನಿಸುತ್ತದೆ.

ಸರ್ಕಾರದ ಭಯದಲ್ಲಿ ಎರಡು ಎಳೆಗಳಿವೆ. ಒಂದು, ಸಾಲದಲ್ಲಿ ಮುಳುಗಿದವನು ಹಣಕ್ಕಾಗಿ ಗುಟ್ಟನ್ನು ಮಾರಬಹುದು. ಇದಕ್ಕೆ ಆಧಾರವಿಲ್ಲದೆ ಇಲ್ಲ. ರೊನಾಲ್ಡ್ ಪೆಲ್ಟನ್ ಎನ್‌ಎಸ್‌ಎಯಲ್ಲಿ ಇದ್ದವನು. 1979ರಲ್ಲಿ ದಿವಾಳಿಯಾದ, ಕೆಲಸ ಬಿಟ್ಟ, 1980ರ ಜನವರಿಯಲ್ಲಿ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಯ ಬಾಗಿಲು ತಟ್ಟಿದ. ಸಿಐಎಯ ಆಲ್ಡ್ರಿಚ್ ಏಮ್ಸ್ ಕೂಡ 1985ರ ಏಪ್ರಿಲಿನಲ್ಲಿ ಸಾಲದ ಒತ್ತಡದಲ್ಲೇ ಅದೇ ಬಾಗಿಲಿಗೆ ಹೋದ. ಮೊದಲ ಸಲ ಸಿಕ್ಕಿದ್ದು 50,000 ಡಾಲರ್. ಆದರೆ ಏಮ್ಸನ ಕಥೆಯನ್ನು ಪೂರ್ತಿ ನೋಡಬೇಕು. ಅವನು ಸಿಕ್ಕಿಬಿದ್ದದ್ದು 1994ರಲ್ಲಿ. ನಡುವಿನ ವರ್ಷಗಳಲ್ಲಿ ಅವನಿಗೆ ಹಣದ ತಾಪತ್ರಯ ಉಳಿದಿರಲಿಲ್ಲ. ವರ್ಷಕ್ಕೆ 70,000 ಡಾಲರಿಗೂ ಕಡಿಮೆ ಸಂಬಳದವನು ಆರ್ಲಿಂಗ್ಟನ್ನಿನಲ್ಲಿ 5,40,000 ಡಾಲರಿನ ಮನೆಯನ್ನು ಪೂರಾ ನಗದು ಕೊಟ್ಟು ಕೊಂಡ, ಜಾಗ್ವಾರ್ ಕಾರು ಓಡಿಸಿದ. ಸಾಲ ಕಾಡುತ್ತಿದ್ದಾಗ ಅವನು ಬರೀ ಸಾಲಗಾರ. ಕೈತುಂಬ ಹಣ ಓಡಾಡುತ್ತಿದ್ದಾಗ ಅವನು ಹತ್ತು ಜನರ ಸಾವಿಗೆ ಕಾರಣನಾಗಿದ್ದ. ಕೊನೆಗೆ ಬೇಹುಗಾರಿಕೆಯ ಜೊತೆಗೆ ಅವನು ಒಪ್ಪಿಕೊಂಡ ಇನ್ನೊಂದು ಅಪರಾಧ ತೆರಿಗೆ ವಂಚನೆ.

ಅವನ ಪಕ್ಕದಲ್ಲಿ ಆನಾ ಮೊಂಟೆಸ್ ಎಂಬವಳನ್ನು ಇಟ್ಟು ನೋಡುತ್ತೇನೆ. ರಕ್ಷಣಾ ಗುಪ್ತಚರ ಸಂಸ್ಥೆಯಲ್ಲಿ ಕ್ಯೂಬಾ ವಿಷಯದ ವಿಶ್ಲೇಷಕಿಯಾಗಿದ್ದು, ವರ್ಷಗಟ್ಟಲೆ ಕ್ಯೂಬಾಗೇ ಮಾಹಿತಿ ದಾಟಿಸಿ, 2001ರ ಸೆಪ್ಟೆಂಬರಿನಲ್ಲಿ ಸೆರೆಯಾದವಳು. ಅವಳು ಅದನ್ನು ಮಾಡಿದ್ದು ಹಣಕ್ಕಲ್ಲ, ತನ್ನ ನಂಬಿಕೆಗಾಗಿ. ಅಂಥವಳನ್ನು 26ನೇ ಭಾಗ ಹೇಗೆ ಹಿಡಿದೀತು?

ಹಾಗಾಗಿ ಮೊದಲ ಭಯ ಅರ್ಧ ಸತ್ಯ. ಸಾಲ ಕೆಲವರನ್ನು ಮಾರಾಟಕ್ಕೆ ತಳ್ಳಿದೆ. ಸಾಲ ಮಾಡಿಯೂ ಮಾರದೆ ಉಳಿದ ಲಕ್ಷಾಂತರ ಜನರ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಎರಡನೆಯ ಎಳೆ ಹೆಚ್ಚು ಆಳದ್ದು: ಹಣದ ಮಾತು ಉಳಿಸಿಕೊಳ್ಳದವನು ಬೇರೆ ಮಾತನ್ನೂ ಉಳಿಸಿಕೊಳ್ಳಲಾರ. ಇಲ್ಲಿ ನಿಯಮ ಬರೆದವರು ಕಣ್ಣು ತೆರೆದೇ ಬರೆದಿದ್ದಾರೆ, ಅದನ್ನು ಗೌರವದಿಂದ ಹೇಳುತ್ತೇನೆ. ತೀರಿಸಲಾಗದವನನ್ನೂ ತೀರಿಸಲು ಮನಸ್ಸಿಲ್ಲದವನನ್ನೂ ಅವರು ಬೇರೆ ಬೇರೆ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಕೆಲಸ ಹೋಯಿತೇ, ಕಾಯಿಲೆ ಬಂತೇ, ಸಾವಾಯಿತೇ, ವಿಚ್ಛೇದನವಾಯಿತೇ, ಯಾರಾದರೂ ನಿನ್ನ ಹೆಸರು ಕದ್ದು ಸಾಲ ಮಾಡಿದರೇ ಎಂದು ಕೇಳುತ್ತಾರೆ. ಆಮೇಲೆ, ಆಗ ನೀನು ಹೇಗೆ ನಡೆದುಕೊಂಡೆ ಎಂದು ಕೇಳುತ್ತಾರೆ. ನನಗೆ ಗೊತ್ತಿರುವ ಒಬ್ಬರ ಹೆಂಡತಿಗೆ ಕ್ಯಾನ್ಸರ್ ಆಯಿತು, ಅದೇ ವರ್ಷ ಕಂಪನಿಯ ಗುತ್ತಿಗೆಯೂ ಮುಗಿಯಿತು. ಸಾಲ ಕೊಟ್ಟವರಿಗೆಲ್ಲ ಅವರು ತಾವೇ ಫೋನ್ ಮಾಡಿದರು, ಒಂದು ಸಲಹಾ ಸಂಸ್ಥೆಯ ಮೂಲಕ ತಿಂಗಳ ಕಂತು ಗೊತ್ತುಮಾಡಿಕೊಂಡರು, ಫಾರ್ಮಿನಲ್ಲಿ ಪ್ರತಿಯೊಂದು ಬಾಕಿಯನ್ನೂ ಬರೆದರು. ಸಾಲ ಇನ್ನೂ ಅರ್ಧಕ್ಕೂ ಹೆಚ್ಚು ಉಳಿದಿರುವಾಗಲೇ ಅವರ ಕ್ಲಿಯರೆನ್ಸ್ ಉಳಿಯಿತು.

ಅಪ್ಪ ಸಾಗರದ ಹತ್ತಿರದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದರು. ಮಳೆಗಾಲ ಹಿಡಿದು ಬಿಡದೆ ಹೊಡೆದು ಕೊಳೆರೋಗ ಬಂದ ವರ್ಷ ಅಡಿಕೆ ತೋಟದವರ ಅರ್ಧ ಹೆಸರು ಸುಸ್ತಿದಾರರ ಪಟ್ಟಿಯಲ್ಲಿ ಇರುತ್ತಿತ್ತು. ಅಪ್ಪ ಆ ಪಟ್ಟಿಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಸಣ್ಣದಾಗಿ ಕಾರಣ ಬರೆದಿಟ್ಟುಕೊಳ್ಳುತ್ತಿದ್ದರು: ಕೊಳೆ, ಮಗಳ ಮದುವೆ, ಇಸ್ಪೀಟು, ಬಾಣಂತಿ ಖರ್ಚು. ಮುಂದಿನ ಸಾಲದ ಮಾತು ಬಂದಾಗ ಆಡಳಿತ ಮಂಡಳಿಯವರು ಮೊತ್ತಕ್ಕಿಂತ ಮೊದಲು ನೋಡುತ್ತಿದ್ದದ್ದು ಆ ಅಂಚನ್ನು.

ಇದು ಬರೀ ಹಳ್ಳಿಯ ವಿವೇಕವೆಂದು ತಿಳಿಯಬೇಕಿಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಅಪ್ಪನ ಸಾಲ ಮಗ ತೀರಿಸಬೇಕೆಂಬ ವಿಧಿ ಇದೆ, ಅದಕ್ಕೊಂದು ವಿನಾಯಿತಿಯೂ ಇದೆ. ಕುಡಿತಕ್ಕೆ, ಕಾಮಕ್ಕೆ, ಜೂಜಿಗೆ ಮಾಡಿದ ಸಾಲ, ವೃಥಾ ದಾನಕ್ಕೆ ಒಪ್ಪಿಕೊಂಡ ಹಣ, ಕಟ್ಟದೆ ಉಳಿದ ದಂಡ ಮತ್ತು ಸುಂಕ, ಇವು ಮಗನ ತಲೆಗೆ ಬರುವುದಿಲ್ಲ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನು, ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು, ಇಂದಿನ ಬಸವಕಲ್ಯಾಣದಲ್ಲಿ ಕೂತು ಬರೆದವನು. ಆ ಪಟ್ಟಿಯಲ್ಲಿ ಸುಂಕ ಸೇರಿರುವುದನ್ನು ನೋಡಿ ನಾನು ತುಂಬ ಹೊತ್ತು ಯೋಚಿಸಿದ್ದೇನೆ. ನನ್ನ ಓದಿನಲ್ಲಿ ಅದರ ಅರ್ಥ ಇಷ್ಟು: ಬೆಳೆ ಹಾಳಾಗಿ ಮಾಡಿದ ಸಾಲ ಮನೆಯ ಕಷ್ಟ, ಮನೆಯವರೆಲ್ಲ ಹೊರಬಹುದು. ಕಟ್ಟದೆ ಉಳಿಸಿಕೊಂಡ ಸುಂಕ ಆ ಒಬ್ಬನ ನಡತೆ, ಅದನ್ನು ಇನ್ನೊಬ್ಬರಿಗೆ ದಾಟಿಸಲು ಬರುವುದಿಲ್ಲ.

ಸಾಲವಿರುವುದೇ ಕಳಂಕ ಎಂಬ ಮಾತನ್ನು ನಮ್ಮ ಪರಂಪರೆ ಒಪ್ಪುವುದೇ ಇಲ್ಲ. ತೈತ್ತಿರೀಯ ಸಂಹಿತೆಯ ಪ್ರಕಾರ ಬ್ರಾಹ್ಮಣ ಹುಟ್ಟುವಾಗಲೇ ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಋಣಿ. ಶತಪಥ ಬ್ರಾಹ್ಮಣವು ಅದನ್ನು ಹುಟ್ಟಿದವರೆಲ್ಲರಿಗೂ ಹೇಳಿ, ನಾಲ್ಕನೆಯದಾಗಿ ಮನುಷ್ಯರ ಋಣವನ್ನೂ ಸೇರಿಸುತ್ತದೆ. ಹುಟ್ಟಿದವರೆಲ್ಲ ಸಾಲಗಾರರೇ ಆದ ಮೇಲೆ ಸಾಲವಿಲ್ಲದಿರುವುದು ನಂಬಿಕೆಯ ಗುರುತಾಗಲು ಹೇಗೆ ಸಾಧ್ಯ? ಕನ್ನಡದವರಿಗೆ ಇದನ್ನು ವಿವರಿಸಬೇಕಿಲ್ಲ, ಹರಿಶ್ಚಂದ್ರ ಇದ್ದಾನೆ. ರಾಘವಾಂಕನ ಕಾವ್ಯದಿಂದ ಹಿಡಿದು ಊರೂರಿನ ನಾಟಕದವರೆಗೆ ನಾವು ಪೂಜಿಸುತ್ತಾ ಬಂದದ್ದು ಒಬ್ಬ ಸಾಲಗಾರನನ್ನು, ವಿಶ್ವಾಮಿತ್ರನ ಬಾಕಿಗೆ ಹೆಂಡತಿ ಮಗನನ್ನೂ ತನ್ನನ್ನೂ ಮಾರಿಕೊಂಡವನನ್ನು. ಆ ಕಥೆಯ ತುದಿಯಲ್ಲಿ ಸಾಲದ ಜೊತೆಗೆ ತೆರಿಗೆಯೂ ಬರುತ್ತದೆ. ಸುಡುಗಾಡು ಕಾಯುವ ಹರಿಶ್ಚಂದ್ರ, ಸತ್ತಿರುವುದು ತನ್ನ ಮಗ ಲೋಹಿತಾಶ್ವನೇ ಎಂದು ತಿಳಿದ ಮೇಲೂ, ಹೆಣ ಸುಡುವ ತೆರಿಗೆಯನ್ನು ಚಂದ್ರಮತಿಗೆ ಬಿಡುವುದಿಲ್ಲ. ಕತ್ತಲಲ್ಲಿ ಯಾರೂ ನೋಡುತ್ತಿರಲಿಲ್ಲ. ಒಡೆಯ ವೀರಬಾಹುವಿಗೆ ಲೆಕ್ಕ ತಿಳಿಯುತ್ತಿರಲಿಲ್ಲ. ಆ ಹೊತ್ತಿನಲ್ಲಿ ಹರಿಶ್ಚಂದ್ರನ ಕೈಗೆ ಫಾರ್ಮ್ 86 ಕೊಟ್ಟಿದ್ದರೆ ಅವನು ಸಾಲದ ಪ್ರಶ್ನೆಗೆ ಹೌದು ಎಂದೇ ಬರೆಯಬೇಕಿತ್ತು. ಆದರೂ ಗುಟ್ಟು ಕಾಯಲು ಅವನಿಗಿಂತ ತಕ್ಕವನು ಯಾರು?

ನಂಬಿಕೆಯ ಪರೀಕ್ಷೆ ಇರುವುದು ಅಲ್ಲಿ, ಯಾರೂ ನೋಡದ ಹೊತ್ತಿನಲ್ಲಿ. ಅದಕ್ಕೇ ನಿಯಮಗಳು ಸಾಲಕ್ಕಿಂತ ತೆರಿಗೆಯ ವಿಷಯದಲ್ಲಿ ಬಿಗಿಯಾಗಿವೆ, ಹಾಗಿರುವುದು ಸರಿ ಎಂದು ನನ್ನ ನಂಬಿಕೆ. ರಿಟರ್ನ್ ಸಲ್ಲಿಸುವುದಕ್ಕೆ ಹಣ ಬೇಕಿಲ್ಲ. ಕಟ್ಟಲು ಕೈಯಲ್ಲಿ ಏನೂ ಇಲ್ಲದಿದ್ದರೂ ಇಷ್ಟು ಗಳಿಸಿದೆ, ಇಷ್ಟು ಬಾಕಿ ಎಂದು ಹೇಳಿಕೊಳ್ಳಬಹುದು. ಆಮೇಲೆ ಇಲಾಖೆಯೊಡನೆ ಕಂತಿನ ಒಪ್ಪಂದ ಮಾಡಿಕೊಂಡು ಅದರಂತೆ ನಡೆದರೆ ಎಫ್ ನಿಯಮವೂ ಅದನ್ನು ಒಪ್ಪುತ್ತದೆ. ಹೇಳದೆ ಉಳಿಯುವುದಕ್ಕೆ ಬಡತನದ ನೆಪವಿಲ್ಲ.

ಇಷ್ಟು ಹೇಳಿದ ಮೇಲೆ ನನ್ನನ್ನು ನಿಜವಾಗಿ ಕಾಡಿದ ಪ್ರಕರಣಕ್ಕೆ ಬರಬೇಕು.

ಆ ಹುಡುಗನಿಗೆ ನಲವತ್ತರ ಆಸುಪಾಸು, ದೊಡ್ಡ ಸಂಬಳ, ಇಬ್ಬರು ಮಕ್ಕಳು. ದಾವಣಗೆರೆಯಲ್ಲಿದ್ದ ಅವನ ತಂದೆ ತೀರಿಕೊಂಡರು. ಅವರ ಹೆಸರಿನ ಜೊತೆ ಇವನ ಹೆಸರೂ ಇದ್ದ ಠೇವಣಿಗಳು ಇವನಿಗೆ ಬಂದವು, ಒಂದು ನಿವೇಶನ ಮಾರಿದ್ದೂ ಆಯಿತು. ಅಮೆರಿಕದ ಪ್ರಜೆ ಲೋಕದ ಯಾವ ಮೂಲೆಯಲ್ಲಿ ಗಳಿಸಿದರೂ ಇಲ್ಲಿ ತೋರಿಸಬೇಕು. ವಿದೇಶಿ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಂದು ದಿನ 10,000 ಡಾಲರ್ ದಾಟಿದರೂ ಅದನ್ನು ಬೇರೆಯಾಗಿ ವರದಿ ಮಾಡಬೇಕು. ಅಲ್ಲಿ ಟಿಡಿಎಸ್ ಹಿಡಿದಿದ್ದಾರಲ್ಲ, ಮುಗಿಯಿತು ಎಂದು ನಮ್ಮವರು ಬಹಳ ಮಂದಿ ತಿಳಿದಿರುತ್ತಾರೆ. ಇವನಿಗೆ ಹಾಗಲ್ಲವೆಂದು ಗೊತ್ತಿತ್ತು. ಹೇಗೆ ತೋರಿಸುವುದೆಂದು ತಿಳಿಯಲಿಲ್ಲ. ಏಪ್ರಿಲಿನಲ್ಲಿ ಗಡುವು ಮುಂದೂಡಿಸಿಕೊಂಡ. ಅಕ್ಟೋಬರ್ 15 ದಾಟಿತು. ಮರುವರ್ಷ, ಹಳೆಯದನ್ನು ಮುಗಿಸಿ ಹೊಸದನ್ನು ಮಾಡೋಣವೆಂದುಕೊಂಡ. ಹೀಗೆ ಮೂರು ವರ್ಷದ ರಿಟರ್ನ್ ನಿಂತಿತು. ಒಂದು ವರ್ಷವಂತೂ ಸರ್ಕಾರವೇ ಅವನಿಗೆ ಹಣ ವಾಪಸ್ ಕೊಡಬೇಕಿತ್ತು.

ಫಾರ್ಮಿನಲ್ಲಿ ಅವನು ಸುಳ್ಳು ಬರೆಯಲಿಲ್ಲ. ಹೌದು ಎಂದು ಗುರುತು ಹಾಕಿದ. ಆದರೆ ನನ್ನ ಹತ್ತಿರ ಕಾಗದಪತ್ರ ಹಿಡಿದುಕೊಂಡು ಬಂದದ್ದು ಕಾರಣಗಳ ನೋಟಿಸು ಕೈಸೇರಿದ ಮೇಲೆ. ಕ್ಲಿಯರೆನ್ಸ್ ಯಾಕೆ ನಿರಾಕರಿಸಬಾರದು ಎಂದು ಬರುವ ಪತ್ರ ಅದು. ಉತ್ತರಿಸಲು ಇಪ್ಪತ್ತು ದಿನ ಕೊಡುತ್ತಾರೆ. ಮೂರೂ ರಿಟರ್ನ್ ಸಿದ್ಧವಾದವು, ತೆರಿಗೆ, ಬಡ್ಡಿ, ದಂಡ ಎಲ್ಲವನ್ನೂ ಒಂದೇ ಸಲಕ್ಕೆ ಕಟ್ಟಿದ. ವಿಚಾರಣೆಯ ದಿನ ಅವನ ಮೇಲೆ ಒಂದು ಡಾಲರ್ ಬಾಕಿಯೂ ಇರಲಿಲ್ಲ.

ತೀರ್ಪು ಅವನ ವಿರುದ್ಧ ಬಂತು. ಡೋಹಾದ ಮೇಲ್ಮನವಿ ಮಂಡಳಿ ಬಹಳ ಹಿಂದಿನಿಂದ ಒಂದು ಮಾತು ಹೇಳುತ್ತಾ ಬಂದಿದೆ: ಇದು ಸಾಲ ವಸೂಲಿಯ ಕಟ್ಟೆಯಲ್ಲ. ಬಾಕಿ ತೀರಿತೇ ಎನ್ನುವುದಕ್ಕಿಂತ, ಯಾವಾಗ ತೀರಿತು, ಯಾಕೆ ತೀರಿತು ಎನ್ನುವುದು ಮುಖ್ಯ. ಕೆಲಸಕ್ಕೆ ಕುತ್ತು ಬಂದ ಮೇಲೆ ಓಡಿ ಹೋಗಿ ಕಟ್ಟಿದ್ದಕ್ಕೆ ತೂಕ ಕಡಿಮೆ. ಸಂಶಯ ಉಳಿದರೆ ಅದು ದೇಶದ ಭದ್ರತೆಯ ಪಾಲಿಗೆ. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲವೆಂದು ಸುಪ್ರೀಂ ಕೋರ್ಟು 1988ರಲ್ಲೇ, ಈಗನ್ ಎಂಬವನ ಮೊಕದ್ದಮೆಯಲ್ಲಿ ಹೇಳಿದೆ.

"ಅಕ್ಕಾ, ಹೆದರಿ ಕಟ್ಟಿದೆ ಅಂತಾನೇ ಇಟ್ಟುಕೊಳ್ಳಿ. ಕಟ್ಟಿದ್ದು ಕಟ್ಟಿದ್ದಲ್ವಾ?" ಎಂದು ಅವನು ಕೇಳಿದ.

ಇದು ಎಫ್ ನಿಯಮಕ್ಕಿಂತ ಹಳೆಯ ಪ್ರಶ್ನೆ. ಭಯದಿಂದ ಮಾಡಿದ ಪ್ರಾಯಶ್ಚಿತ್ತ ಪ್ರಾಯಶ್ಚಿತ್ತವೇ? ಕ್ಯಾಥೊಲಿಕರಲ್ಲೂ ಇದು ಶತಮಾನಗಳ ವಾದ. 1551ರಲ್ಲಿ ಟ್ರೆಂಟ್ ಧರ್ಮಸಭೆ ಅದಕ್ಕೊಂದು ಉತ್ತರ ಕೊಟ್ಟಿತು. ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪಶ್ಚಾತ್ತಾಪ ಪೂರ್ಣವಾದದ್ದು. ನರಕದ ಭಯದಿಂದ ಹುಟ್ಟಿದ್ದು ಅಪೂರ್ಣ, ಆದರೂ ತಪ್ಪೊಪ್ಪಿಗೆಯ ಸಂಸ್ಕಾರಕ್ಕೆ ಬಂದವನಿಗೆ ಅದು ಕೃಪೆಯ ಕಡೆ ಬಾಗಿಲು ತೆರೆಯುತ್ತದೆ. ಭಯವನ್ನು ಅವರು ತಳ್ಳಿಹಾಕಲಿಲ್ಲ.

ವಿಜ್ಞಾನೇಶ್ವರ ಹಿಡಿದ ದಾರಿ ಬೇರೆ, ನನಗೆ ಅದು ಹೆಚ್ಚು ಉಪಯೋಗಕ್ಕೆ ಬಂದಿದೆ. ಪಾಪಕ್ಕೆ ಎರಡು ಶಕ್ತಿಗಳಿವೆ ಎನ್ನುತ್ತಾನೆ ಅವನು. ಮಾಡಿದವನನ್ನು ನರಕಕ್ಕೆ ಒಯ್ಯುವುದು ಒಂದು. ಅವನನ್ನು ಜನರೊಡನೆಯ ವ್ಯವಹಾರದಿಂದ ಹೊರಗೆ ನಿಲ್ಲಿಸುವುದು ಇನ್ನೊಂದು. ತಿಳಿಯದೆ ಮಾಡಿದ ತಪ್ಪಾದರೆ ಪ್ರಾಯಶ್ಚಿತ್ತದಿಂದ ಪಾಪವೇ ಕಳೆಯುತ್ತದೆ. ತಿಳಿದೂ ಮಾಡಿದ್ದಾದರೆ ಮೊದಲನೆಯ ಶಕ್ತಿ ಹಾಗೇ ಉಳಿಯುತ್ತದೆ, ಎರಡನೆಯದು ಮಾತ್ರ ಕಳೆಯುತ್ತದೆ. ಎಂದರೆ, ಒಳಗಿನ ಲೆಕ್ಕ ದೇವರಿಗೂ ಅವನಿಗೂ ಸೇರಿದ್ದು, ಅದನ್ನು ತೀರಿತೆಂದು ಬರೆಯುವ ಅಧಿಕಾರ ನಮಗಿಲ್ಲ. ಆದರೆ ವಿಧಿಸಿದ್ದನ್ನು ಮಾಡಿ ಮುಗಿಸಿದವನ ಜೊತೆ ಉಣ್ಣಲು, ಕೊಟ್ಟು ತೆಗೆದುಕೊಳ್ಳಲು ಸಮಾಜ ಹಿಂಜರಿಯಬಾರದು. ಎಷ್ಟು ಕರುಣೆಯ ಮಾತು ಇದು. ಮನಸ್ಸು ಬಗೆದು ನೋಡುವ ಹಟವನ್ನು ಬಿಟ್ಟುಕೊಟ್ಟು, ಮನುಷ್ಯನನ್ನು ಮನುಷ್ಯರ ನಡುವೆ ಮತ್ತೆ ಕರೆದುಕೊಳ್ಳುತ್ತದೆ.

ಹಾಗಾದರೆ ಹುಡುಗನ ಪರವಾಗಿ ಕಲ್ಯಾಣದಿಂದ ಸಾಕ್ಷಿ ಸಿಕ್ಕಿತಲ್ಲ? ಮೊದಲು ನನಗೂ ಹಾಗೇ ಅನಿಸಿತು. ದೇಶಕ್ಕೆ ನರಕದ ಲೆಕ್ಕ ಬೇಡ, ಅದಕ್ಕಿರುವುದು ವ್ಯವಹಾರ ಮಾತ್ರ. ಬಡ್ಡಿ, ದಂಡ ಸಮೇತ ತೀರಿಸಿದವನಿಗೆ ವ್ಯವಹಾರದ ಬಾಗಿಲನ್ನು ಯಾಕೆ ಮುಚ್ಚಬೇಕು?

ಆದರೆ ಯಾವ ವ್ಯವಹಾರ? ಅವನು ಬ್ಯಾಂಕಿನಲ್ಲಿ ಸಾಲ ಕೇಳಲಿ, ಬೇರೆ ಕಂಪನಿಯಲ್ಲಿ ಕೆಲಸ ಕೇಳಲಿ, ನಮ್ಮ ಕನ್ನಡ ಸಂಘದ ಖಜಾಂಚಿಯಾಗಲಿ, ನಾನೇ ಮುಂದೆ ನಿಂತು ಹೇಳುತ್ತೇನೆ. ಗುಟ್ಟು ಕಾಯುವ ಕೆಲಸ ಹಾಗಲ್ಲ. ಅಲ್ಲಿ ನೋಟಿಸು ಬರುವುದಿಲ್ಲ. ತಪ್ಪಿದ್ದು ತಿಳಿಯುವ ಹೊತ್ತಿಗೆ ಯಾವುದೋ ದೇಶದಲ್ಲಿ ಯಾರೋ ಸತ್ತಿರುತ್ತಾರೆ, ದಂಡ ಕಟ್ಟಿ ಸರಿಪಡಿಸಲು ಬರುವುದಿಲ್ಲ. ಭಯ ಬಂದಾಗ ಮಾತ್ರ ಎಚ್ಚರಗೊಳ್ಳುವವನು ಭಯವಿಲ್ಲದ ಕಡೆ ಏನು ಮಾಡುತ್ತಾನೆ ಎಂಬುದು ಅನ್ಯಾಯದ ಪ್ರಶ್ನೆಯಲ್ಲ. ಅವನ ಮನೆಯ ಕಷ್ಟ ಕಣ್ಣಾರೆ ಕಂಡೂ ನಾನು ಇದನ್ನು ಬರೆಯುತ್ತಿದ್ದೇನೆ.

ಸರ್ಕಾರ ಕೂಡ ಇದೇ ಪ್ರಶ್ನೆಗೆ ಉತ್ತರ ಕೊಡಬೇಕು. 2018ರ ಡಿಸೆಂಬರ್ 22ರಿಂದ 35 ದಿನ ಸರ್ಕಾರಿ ಕಚೇರಿಗಳು ಮುಚ್ಚಿದಾಗ ಸುಮಾರು ಎಂಟು ಲಕ್ಷ ನೌಕರರಿಗೆ ಸಂಬಳ ತಪ್ಪಿತು. 2025ರಲ್ಲಿ ಇನ್ನೊಮ್ಮೆ 43 ದಿನ. ಕಂತು ತಪ್ಪಿದರೆ ಕ್ಲಿಯರೆನ್ಸ್ ಏನಾಗುತ್ತದೋ ಎಂದು ಆ ದಿನಗಳಲ್ಲಿ ಜನ ಅಳುತ್ತಾ ಫೋನ್ ಮಾಡಿದ್ದಾರೆ. ಅಂಥ ಸುಸ್ತಿಯನ್ನು ನಿಯಮ ಕ್ಷಮಿಸುತ್ತದೆ, ನಿಜ. ದುಡಿದವನ ಬಾಕಿಯನ್ನು ತಾನೇ ಹೊತ್ತಿನಲ್ಲಿ ಕೊಡದವರು ಇನ್ನೊಬ್ಬರ ಬಾಕಿಯನ್ನು ತೂಗಲು ಕೂರುವಾಗ ಇದು ಅವರ ನೆನಪಿನಲ್ಲಿರಬೇಕು.

ಹುಡುಗನಿಗೆ ದಾರಿ ಇದೆ, ಅದನ್ನು ನಿಯಮವೂ ಹೇಳುತ್ತದೆ, ಶಾಸ್ತ್ರವೂ ಹೇಳುತ್ತದೆ. ಎರಡೂ ಕಾಲವನ್ನು ನಂಬುತ್ತವೆ. ಧರ್ಮಶಾಸ್ತ್ರದ ಪ್ರಾಯಶ್ಚಿತ್ತಗಳನ್ನು ಅಳೆದಿರುವುದು ಹೆಚ್ಚಾಗಿ ದಿನ, ತಿಂಗಳು, ವರ್ಷಗಳಲ್ಲಿ. ಮಹಾಪಾತಕಕ್ಕೆ ಹನ್ನೆರಡು ವರ್ಷದ ವ್ರತವಿದೆ. ಯಾಕಿಷ್ಟು ದೀರ್ಘ ಎಂದು ಯೋಚಿಸಿದರೆ ನನಗೆ ಹೊಳೆಯುವುದು ಇದು: ಭಯ ಅಷ್ಟು ವರ್ಷ ಬಾಳುವುದಿಲ್ಲ. ಮೊದಲ ವರ್ಷ ಹೆದರಿ ನೇಮ ಹಿಡಿದವನು ಐದನೆಯ ವರ್ಷವೂ ಹಿಡಿದಿದ್ದರೆ ಆಗ ಅವನನ್ನು ನಡೆಸುತ್ತಿರುವುದು ಭಯವಲ್ಲ, ಬೇರೆ ಏನೋ. ಎಲ್ಲಿಂದ ಶುರುವಾಯಿತು ಎನ್ನುವುದು ಆಗ ಮುಖ್ಯವಾಗಿ ಉಳಿಯುವುದಿಲ್ಲ. ಎಫ್ ನಿಯಮ ಕೂಡ ತಪ್ಪು ಎಷ್ಟು ಹಳೆಯದು, ಮತ್ತೆ ಆಗಿದೆಯೇ ಎಂದು ಕೇಳುವುದು ಇದಕ್ಕೇ.

ನಿರಾಕರಣೆಯಾದ ಒಂದು ವರ್ಷದ ಮೇಲೆ ಮತ್ತೆ ಅರ್ಜಿ ಹಾಕಬಹುದು. ಆ ವರ್ಷ ಈ ಮಾರ್ಚಿಗೆ ತುಂಬಿತು. ಒಂದೇ ವರ್ಷಕ್ಕೆ ಹೋಗಬೇಡ, ಮೂರು ವರ್ಷ ತಪ್ಪಿಸಿದ್ದೀಯ, ಮೂರು ವರ್ಷ ಹೊತ್ತಿಗೆ ಸರಿಯಾಗಿ ಸಲ್ಲಿಸಿ ಆಮೇಲೆ ಹೋಗು ಎಂದು ನಾನು ಹೇಳಿದೆ. ಈ ಸಲದ ರಿಟರ್ನಿಗೆ ಬೇಕಾದ ಕಾಗದಗಳನ್ನು, ದಾವಣಗೆರೆಯ ಬ್ಯಾಂಕಿನ ಬಡ್ಡಿ ಪತ್ರ ಸಮೇತ, ಅವನು ಫೆಬ್ರವರಿಯಲ್ಲೇ ತಂದುಕೊಟ್ಟಿದ್ದ. ನನ್ನ ಮಾತನ್ನು ಅವನು ಒಪ್ಪಿಲ್ಲ. ಈಗಿರುವ ಕೆಲಸದಲ್ಲಿ ಸಂಬಳ ಮೊದಲಿನ ಅರ್ಧದಷ್ಟೇ. ಮನೆಯ ಸಾಲ ಇದೆ, ದೊಡ್ಡ ಮಗಳು ಮುಂದಿನ ವರ್ಷ ಕಾಲೇಜಿಗೆ. "ಮೂರು ವರ್ಷ ಕಾದರೆ ಆ ಸಾಲವೇ ಸುಸ್ತಿಯಾಗುತ್ತೆ ಅಕ್ಕಾ, ಆಮೇಲೆ ಅದಕ್ಕೊಂದು ನೋಟಿಸು ಬರುತ್ತೆ" ಎನ್ನುತ್ತಾನೆ. ಅವನ ಹೆಂಡತಿಯೂ ಅವನ ಮಾತನ್ನೇ ಹೇಳುತ್ತಾಳೆ.